ಕಡಿಮೆ ಓಡಿದ ಕಾರಿನ ಕಪ್ಪು ಗಸಿ

‘ಒಬ್ಬರೇ ಓನರ್, ಬಸವನಗುಡಿ ಗಾಡಿ, ಐದು ವರ್ಷಕ್ಕೆ ಬರೀ 15 ಸಾವಿರ ಕಿಲೋಮೀಟರ್’ ಎಂದರೆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರ ಮುಖ ಅರಳುತ್ತದೆ. ಬಾನೆಟ್ ಕೆಳಗೆ ಟರ್ಬೊ ಪೆಟ್ರೋಲ್ ಎಂಜಿನ್ ಇದ್ದರೆ ಮಾತ್ರ ಆ ಅಂಕಿ ನೋಡಿ ಎರಡು ಸಲ ಯೋಚಿಸಬೇಕು. 1892ರ ಚಾಮರಾಜಪೇಟೆಯಾಗಲಿ, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಾಗಲಿ ನಡೆದು ಓಡಾಡುವವರಿಗಾಗಿ ಕಟ್ಟಿದ ಬಡಾವಣೆಗಳು. ತರಕಾರಿ, ದೇವಸ್ಥಾನ, ಬ್ಯಾಂಕು, ಮೊಮ್ಮಕ್ಕಳ ಶಾಲೆ ಎಲ್ಲವೂ ಒಂದೆರಡು ಕಿಲೋಮೀಟರಿನೊಳಗೇ. ಅಷ್ಟು ದೂರಕ್ಕೆ ಕಾರು ತೆಗೆದು, ಎಂಜಿನ್ ಕಾಯುವ ಮೊದಲೇ ಆಫ್ ಮಾಡುವ ಅಭ್ಯಾಸವೇ ಟರ್ಬೊಗೆ ದೊಡ್ಡ ಶತ್ರು. ಇಲ್ಲಿ ಎಣ್ಣೆಯ ವಯಸ್ಸನ್ನು ಕಿಲೋಮೀಟರಿನಲ್ಲಿ ಅಳೆಯುವುದೇ ತಪ್ಪು.

ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಒಂದು ಪಾಲು, ಉರಿಯದ ಪೆಟ್ರೋಲ್ ಮತ್ತು ಮಸಿಯ ಜತೆ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಕೆಳಗಿನ ಆಯಿಲ್ ಚೇಂಬರ್ ಸೇರುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಸಿಲಿಂಡರಿನ ಒತ್ತಡ ಹೆಚ್ಚು, ಈ ನುಸುಳಾಟವೂ ಹೆಚ್ಚು. ಎಣ್ಣೆ 90-100 ಡಿಗ್ರಿಗೆ ಕಾದು ಸ್ವಲ್ಪ ಹೊತ್ತು ಹಾಗೇ ಇದ್ದರೆ ನೀರು, ಪೆಟ್ರೋಲ್ ಆವಿಯಾಗಿ ಪಿಸಿವಿ ವಾಲ್ವ್ ಮೂಲಕ ಮತ್ತೆ ಎಂಜಿನ್ನಿಗೆ ಹೋಗಿ ಉರಿದುಹೋಗುತ್ತವೆ. ಇಲ್ಲದಿದ್ದರೆ ಅಲ್ಲೇ ಉಳಿದು ಎಣ್ಣೆಯನ್ನು ಹುಳಿಯಾಗಿಸಿ, ಮಂದವಾದ ಕಪ್ಪು ಗಸಿಯಾಗುತ್ತವೆ. ಗಾಂಧಿ ಬಜಾರಿನಿಂದ ಎನ್.ಆರ್. ಕಾಲೊನಿ ತಲುಪುವಷ್ಟರಲ್ಲಿ ಮೀಟರಿನ ಮುಳ್ಳು ಮೇಲೇರಿತಲ್ಲ ಎನ್ನಬಹುದು. ಅದು ತೋರಿಸುವುದು ಕೂಲಂಟಿನ ಬಿಸಿಯನ್ನು. ಎಣ್ಣೆ ಕಾಯುವುದು ಅದಕ್ಕಿಂತ ಎಷ್ಟೋ ನಿಧಾನ.

ಇದರ ವಿಚಿತ್ರ ಗುರುತು ಸಿಗುವುದು ಡಿಪ್‌ಸ್ಟಿಕ್ಕಿನಲ್ಲಿ. ಎಣ್ಣೆ ಕಡಿಮೆಯಾದರೆ ಎಲ್ಲರೂ ಗಾಬರಿಯಾಗುತ್ತಾರೆ. ಹೆಚ್ಚಾದರೆ ಯಾರೂ ಗಮನಿಸುವುದಿಲ್ಲ. ಯಾರೂ ಸುರಿಯದೆ ಎಣ್ಣೆ ಮೇಲಿನ ಗೆರೆ ದಾಟಿದ್ದರೆ, ಮೂಸಿದರೆ ಪೆಟ್ರೋಲ್ ವಾಸನೆ ಬಂದರೆ, ಚೇಂಬರಿನಲ್ಲಿ ಇಂಧನ ಕೂಡಿಕೊಂಡಿದೆ ಎಂದೇ ಅರ್ಥ. ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಟರ್ಬೊ ಎಂಜಿನ್ನುಗಳಲ್ಲಿ ಇದು ಹೆಚ್ಚು. 2018ರಲ್ಲಿ ಚೀನಾದಲ್ಲಿ ಹೋಂಡಾ ಸಿಆರ್-ವಿಯ 1.5 ಲೀಟರ್ ಟರ್ಬೊ ಇದೇ ಕಾರಣಕ್ಕೆ ದೊಡ್ಡ ಸುದ್ದಿಯಾಯಿತು. ಅದು ಹಿಮ ಬೀಳುವ ಊರುಗಳ ಕಥೆ, ಜನವರಿಯ ಬೆಳಗ್ಗೆಯೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುವ ಬೆಂಗಳೂರಿಗೇಕೆ ಎನ್ನುವ ಆಕ್ಷೇಪದಲ್ಲಿ ಸತ್ಯವಿದೆ. ಅಲ್ಲಿನಷ್ಟು ವೇಗವಾಗಿ ಇಲ್ಲಿ ಕೆಡುವುದಿಲ್ಲ. ಆದರೆ ಚಳಿ ಕೆಲಸವನ್ನು ಚುರುಕು ಮಾಡುತ್ತದೆ, ಅಷ್ಟೇ. ಎಂಜಿನ್ ಕಾಯದೆ ನಿಲ್ಲುವುದೇ ಮೂಲ, ಅದಕ್ಕೆ ಡಿ.ವಿ.ಜಿ. ರಸ್ತೆಯೂ ಸಾಕು.

ಇನ್ನು ಟ್ರಾಫಿಕ್ಕಿನ ಲೆಕ್ಕ. 2023ರ ಟಾಮ್‌ಟಾಮ್ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 28 ನಿಮಿಷ ಬೇಕು. ಆ ವೇಗದಲ್ಲಿ 10,000 ಕಿಲೋಮೀಟರ್ ಮುಟ್ಟಲು ಎಂಜಿನ್ 460 ಗಂಟೆಗೂ ಹೆಚ್ಚು ದುಡಿಯಬೇಕು. ಮೈಸೂರು ಹೆದ್ದಾರಿಯಲ್ಲಿ 80ರ ಸರಾಸರಿಯಲ್ಲಿ ಹೋದರೆ 125 ಗಂಟೆ ಸಾಕು. ಓಡೋಮೀಟರಿನಲ್ಲಿ ಎರಡೂ ಒಂದೇ. ಎಣ್ಣೆಗೆ ಒಂದೇ ಅಲ್ಲ. ಕಂಪನಿಯೇ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಎಂದಿರುವಾಗ ನಡುವೆ ಬದಲಿಸುವುದು ಅತಿ ಬುದ್ಧಿವಂತಿಕೆ ಎನ್ನುವವರು ಮ್ಯಾನ್ಯುಯಲ್ಲಿನ ಇನ್ನೊಂದು ಪುಟವನ್ನೂ ಓದಬೇಕು. ಪದೇ ಪದೇ ಹತ್ತಿರದ ಓಡಾಟ, ನಿಂತು ಹೊರಡುವ ಟ್ರಾಫಿಕ್ಕು, ಧೂಳು, ಇವನ್ನೆಲ್ಲ ‘ಕಠಿಣ ಬಳಕೆ’ ಎಂದು ಎಷ್ಟೋ ಕಂಪನಿಗಳೇ ಹೆಸರಿಸಿ ಅವಧಿಯನ್ನು ತಗ್ಗಿಸಿವೆ. ಪಾರ್ಕಿನ ಸುತ್ತ ಮೆಲ್ಲಗೆ ಓಡುವ ಕಾರೂ ಆ ಪಟ್ಟಿಯಲ್ಲಿದೆ ಎಂದು ನಮಗೆ ಹೊಳೆಯುವುದಿಲ್ಲ. ಅಂಥ ಕಾರಿಗೆ ಆರು ತಿಂಗಳು ಅಥವಾ 5,000 ಕಿಲೋಮೀಟರ್, ಯಾವುದು ಮೊದಲೋ ಅದೇ ಸರಿ.

ಫುಲ್ ಸಿಂಥೆಟಿಕ್ ಹಾಕಿಸಿದರೆ ಚಿಂತೆಯಿಲ್ಲ ಎಂಬ ಮಾತು ಅರ್ಧ ನಿಜ. ಅದು ಬಿಸಿಯನ್ನು ಚೆನ್ನಾಗಿ ತಾಳುತ್ತದೆ. ಆದರೆ ಮಸಿಯನ್ನು ಚದುರಿಸಿಡುವ, ಹುಳಿಯನ್ನು ತಣಿಸುವ ರಾಸಾಯನಿಕಗಳು ಅದರಲ್ಲೂ ಖರ್ಚಾಗುತ್ತವೆ. ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಪಸಾಟ್ ಮತ್ತು ಆಡಿ ಎ4ರ 1.8 ಟರ್ಬೊ ಎಂಜಿನ್ನುಗಳಲ್ಲಿ ಗಸಿ ಕಟ್ಟಿ, 2004ರಲ್ಲಿ ಕಂಪನಿ ಅದಕ್ಕೆಂದೇ ವಾರಂಟಿಯನ್ನು 8 ವರ್ಷಕ್ಕೆ ವಿಸ್ತರಿಸಿತು. ಆಯಿಲ್ ಬದಲಿಸಿದ್ದಕ್ಕೆ ದಾಖಲೆಯನ್ನೂ ಕೇಳಿತು. ಬಿಲ್ಲುಗಳನ್ನು ಜೋಪಾನವಾಗಿಡುವ ನಮ್ಮ ಹಿರಿಯರ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ. ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ: ಎರಡು ಪಟ್ಟು ಆಯಿಲ್ ಚೇಂಜ್ ಎಂದರೆ ಎರಡು ಪಟ್ಟು ಹಳೆ ಎಣ್ಣೆ. ವೃಷಭಾವತಿ ಹುಟ್ಟುವುದೇ ದೊಡ್ಡ ಬಸವಣ್ಣನ ಗುಡ್ಡದ ಬಳಿ ಎಂದು ನಂಬುವ ಊರಿನಲ್ಲಿ ಆ ಎಣ್ಣೆ ಚರಂಡಿಗೆ ಸೇರಬಾರದು. ಪರವಾನಗಿ ಪಡೆದ ಮರುಸಂಸ್ಕರಣೆಯವರಿಗೇ ಹೋಗಬೇಕು. ಅದಕ್ಕಿಂತ ಮೇಲೆಂದರೆ ಹತ್ತಿರಕ್ಕೆ ನಡೆದೇ ಹೋಗುವುದು, ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಹಸಿರು ಮೆಟ್ರೊ ಹತ್ತುವುದು, ಕಾರನ್ನು ವಾರಕ್ಕೊಮ್ಮೆಯಾದರೂ ಎಣ್ಣೆ ಚೆನ್ನಾಗಿ ಕಾಯುವಷ್ಟು ದೂರ ಓಡಿಸುವುದು.

ಗಸಿ ಆಗಲೇ ಕಟ್ಟಿದ್ದರೆ ಎಂಜಿನ್ ಫ್ಲಶ್ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಕಳಚಿದ ಗಟ್ಟಿಗಳು ಹೋಗಿ ಕೂರುವುದು ಚೇಂಬರಿನೊಳಗಿನ ಸ್ಟ್ರೈನರಿನ ಸಣ್ಣ ಜಾಲರಿಯ ಮೇಲೆ. ಅಲ್ಲಿ ಎಣ್ಣೆ ತಡೆದರೆ ಮೊದಲ ಪೆಟ್ಟು ಟರ್ಬೊಗೇ. ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗಬಲ್ಲ ಅದರ ಶಾಫ್ಟ್ ನಿಂತಿರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ. ಅದಕ್ಕೆ ಎಣ್ಣೆ ತರುವ ಸಪೂರ ಪೈಪಿನೊಳಗೂ, ಬೋಂಡದ ಬಾಣಲೆಯ ಅಂಚಿನಂತೆ, ಬಿಸಿಗೆ ಕರಿ ಕಟ್ಟುತ್ತದೆ. ಚೇಂಬರ್ ಇಳಿಸಿ ಸ್ಟ್ರೈನರ್ ತೊಳೆಸುವುದೇ ನೇರ ದಾರಿ. ಟರ್ಬೊ ಕೆಟ್ಟೇ ಹೋಗಿ ಹೊಸದು ಕೂರಿಸುವುದಾದರೆ ಸ್ಟ್ರೈನರ್ ಶುಚಿ ಮತ್ತು ಹೊಸ ಆಯಿಲ್ ಪೈಪು ಎರಡೂ ಎಸ್ಟಿಮೇಟಿನಲ್ಲಿ ಇವೆಯೇ ನೋಡಿ. ಇವನ್ನು ಬಿಟ್ಟರೆ ಹಳೆಯದನ್ನು ಕೆಡಿಸಿದ ಗಸಿಯೇ ಹೊಸದನ್ನೂ ಕೆಡಿಸುತ್ತದೆ.