ಗುಡ್ಡದ ಮೇಲೆ ನಮಾಝ್, ಗುಡ್ಡದ ಮೇಲೆ ನೀರು

ಕಳೆದ ತಿಂಗಳ ಕೊನೆಯ ಜುಮಾದ ಬಯಾನ್ ಸಫರ್‌ನ ಕುರಿತಾಗಿತ್ತು. ನಮಾಝ್ ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ ನಾಲ್ಕೈದು ಜನ ಪಾಲಕರು ನನ್ನನ್ನು ತಡೆದು ನಿಲ್ಲಿಸಿದರು. ಯುವಕರ ತಂಡ ಮತ್ತೆ ಗುಡ್ಡಕ್ಕೆ ಹೊರಟಿದೆಯಂತೆ, ಒಂದು ರಾತ್ರಿ ಅಲ್ಲೇ ಉಳಿಯುತ್ತಾರಂತೆ, ನಮಾಝ್ ಹೇಗೆ, ನೀರು ಹೇಗೆ, ಜವಾಬ್ದಾರಿ ಯಾರದು ಎಂದು ಕೇಳಿದರು. ಅವರಲ್ಲೊಬ್ಬರು ‘ಮತ್ತೆ’ ಎಂಬ ಮಾತನ್ನು ಒತ್ತಿ ಹೇಳಿದರು. ಹೋದ ಸಲ ಏನಾಯಿತೆಂದು ಅವರಿಗೆ ಗೊತ್ತಿತ್ತು. ಓದುಗರಿಗೂ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮದು ಎರೆಭೂಮಿ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹುಡುಗರಿಗೆ ಕಣ್ಣು ಹಾಯಿಸಿದಷ್ಟು ದೂರ ಹತ್ತಿ, ಕಡಲೆ, ಜೋಳದ ಹೊಲಗಳೇ. ಕಲಘಟಗಿಯವರು ಮಾತ್ರ ಸ್ವಲ್ಪ ಕಾಡು ಕಂಡವರು. ಹಾಗಾಗಿ ಹತ್ತಿರದ ದೊಡ್ಡ ಗುಡ್ಡವೆಂದರೆ ನಮಗೆ ಗದಗ ಜಿಲ್ಲೆಯ ಕಪ್ಪತಗುಡ್ಡ. ಹೋದ ಫೆಬ್ರವರಿಯಲ್ಲಿ ನಾಲ್ಕೂ ತಾಲೂಕಿನಿಂದ ಹುಡುಗರು ಸೇರಿ ಹೋಗಿದ್ದೆವು. ಗುಡ್ಡದ ಬುಡದಲ್ಲಿ ಪರಿಚಯದವರ ಹೊಲದಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಅನುಮತಿಯ ಪ್ರಕಾರ ಹತ್ತಿ ಇಳಿಯುವುದು ಎಂದು ಮಾತಾಗಿತ್ತು. ಮೇಲೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂತು. ಝುಹರ್ ನಮಾಝ್ ಆಯಿತು. ಇಳಿಯುವಾಗ ಹತ್ತನೇ ತರಗತಿಯ ಒಬ್ಬ ಹುಡುಗ ಹಿಂದೆ ಬಿದ್ದ, ಅಸಂಬದ್ಧ ಮಾತಾಡತೊಡಗಿದ, ಆಮೇಲೆ ಕುಸಿದು ಕುಳಿತ. ನಾಲ್ವರು ಸೇರಿ ಅವನನ್ನು ಹೊತ್ತು ಇಳಿಸಿದೆವು. ಆಸ್ಪತ್ರೆಯಲ್ಲಿ ಎರಡು ಬಾಟಲಿ ಸಲಾಯಿನ್ ಏರಿದ ಮೇಲೆ ಕಣ್ಣು ಬಿಟ್ಟ. ಅಲ್‌ಹಮ್ದುಲಿಲ್ಲಾಹ್.

ನೀರೇಕೆ ಕುಡಿಯಲಿಲ್ಲ ಎಂದು ಕೇಳಿದೆ. ಉಳಿದಿದ್ದ ಅರ್ಧ ಬಾಟಲಿ ನೀರಿನಲ್ಲಿ ಅವನು ವುಝೂ ಮಾಡಿದ್ದ. ಯಾರಿಗೂ ಹೇಳಿರಲಿಲ್ಲ. “ನೀರ ಇತ್ತಲ್ರಿ ಚಾಚಾ. ನೀರ ಇದ್ದಾಗ ತಯಮ್ಮುಮ್ ಆಗೂದಿಲ್ಲಂತ ನೀವ ಹೇಳಿದ್ರಿ” ಅಂದ.

ಹೇಳಿದ್ದು ನಿಜ. ಮಕ್ತಬ್‌ನಲ್ಲಿ ಮಕ್ಕಳಿಗೆ ಅಷ್ಟೇ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ನಲ್ಲಿಯ ಮುಂದೆ ಕುಳಿತು ಕಲಿಯುವ ಮಗುವಿಗೆ ಅಷ್ಟು ಸಾಕು. ಗುಡ್ಡಕ್ಕೆ ಕರೆದೊಯ್ಯುವ ಮಗುವಿಗೆ ಸಾಲದು. ಅರ್ಧ ಮಸ್‌ಅಲ ಕಲಿಸಿದ ತಪ್ಪು ನನ್ನದು.

ಪೂರ್ತಿ ಮಸ್‌ಅಲ ಹೀಗಿದೆ. ತಯಮ್ಮುಮ್‌ಗೆ ಅನುಮತಿ ಇರುವುದು ನೀರು ಕಣ್ಣಿಗೆ ಕಾಣದಿದ್ದಾಗ ಮಾತ್ರವಲ್ಲ, ಇರುವ ನೀರನ್ನು ಬಳಸಲು ಸಾಧ್ಯವಿಲ್ಲದಾಗಲೂ ಇದೆ. ನೀರು ಒಂದು ಮೈಲಿಯಷ್ಟು ದೂರವಿದ್ದರೆ, ಬಳಸಿದರೆ ಕಾಯಿಲೆ ಬರುವ ಅಥವಾ ಹೆಚ್ಚಾಗುವ ಭಯವಿದ್ದರೆ, ನೀರಿನ ಹತ್ತಿರ ಹಾವೋ ಕಾಡುಮೃಗವೋ ಇದ್ದರೆ ತಯಮ್ಮುಮ್ ಮಾಡಬಹುದು. ಕೈಯಲ್ಲಿರುವ ನೀರು ಕುಡಿಯಲು ಬೇಕಾಗಿದ್ದರೂ ಇದೇ ಮಾತು. ತನಗೆ ಮಾತ್ರವಲ್ಲ, ಜೊತೆಗಾರನಿಗೆ ಬೇಕಾಗಬಹುದು ಎಂದಿದ್ದರೂ ಸರಿ, ಜೊತೆಯಲ್ಲಿರುವ ಪ್ರಾಣಿಗೆ ಬೇಕಾಗಿದ್ದರೂ ಸರಿ. ಕುಡಿಯಲು ಇಟ್ಟುಕೊಂಡ ನೀರನ್ನು ವುಝೂವಿನ ಲೆಕ್ಕದಲ್ಲಿ ‘ಇಲ್ಲ’ ಎಂದೇ ಫುಕಹಾಗಳು ಎಣಿಸಿದ್ದಾರೆ. ಆ ಹುಡುಗನ ಬಾಟಲಿಯಲ್ಲಿ ನೀರಿತ್ತು, ಶರೀಅತ್‌ನ ಲೆಕ್ಕದಲ್ಲಿ ಇರಲಿಲ್ಲ. ಅವನು ಕಲ್ಲಿನ ಮೇಲೆ ಎರಡು ಸಲ ಅಂಗೈ ತಟ್ಟಿ, ಒಮ್ಮೆ ಮುಖ, ಇನ್ನೊಮ್ಮೆ ಮೊಣಕೈವರೆಗೆ ಕೈಗಳನ್ನು ಸವರಿಕೊಂಡಿದ್ದರೆ ವುಝೂ ಆಗುತ್ತಿತ್ತು. ಹನಫಿ ಮಝ್‌ಹಬ್‌ನಲ್ಲಿ ಮಣ್ಣೇ ಬೇಕೆಂದಿಲ್ಲ, ಧೂಳಿಲ್ಲದ ಶುದ್ಧ ಕಲ್ಲೂ ಆಗುತ್ತದೆ. ಸಂಜೆ ಕೆಳಗಿಳಿದು ನೀರು ಸಿಕ್ಕರೆ ಆ ನಮಾಝನ್ನು ಮತ್ತೆ ಮಾಡಬೇಕಾಗಿಯೂ ಇಲ್ಲ.

ಇದನ್ನು ಕೇಳಿ ಒಬ್ಬ ಹಿರಿಯರು, ಅನುಮತಿ ಏನೋ ಇದೆ, ಆದರೂ ವುಝೂ ಮಾಡಿಕೊಂಡರೆ ಹೆಚ್ಚು ಪುಣ್ಯವಲ್ಲವೇ ಎಂದರು. ಹಝ್ರತ್ ಜಾಬಿರ್(ರ) ವರದಿ ಮಾಡಿದ, ಅಬೂದಾವೂದ್‌ನಲ್ಲಿರುವ ಘಟನೆ ಇಂಥವರಿಗಾಗಿಯೇ ಇದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಿದ್ದು ಗಾಯವಾಯಿತು. ಆ ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ನನಗೆ ತಯಮ್ಮುಮ್‌ಗೆ ಅವಕಾಶವಿದೆಯೇ ಎಂದು ಜೊತೆಗಾರರನ್ನು ಕೇಳಿದರು. ನೀರು ಸಿಗುವಾಗ ಅವಕಾಶ ಎಲ್ಲಿಯದು ಎಂದು ಅವರು ಉತ್ತರಿಸಿದರು. ಆ ವ್ಯಕ್ತಿ ಸ್ನಾನ ಮಾಡಿದರು, ತೀರಿಕೊಂಡರು. ಸುದ್ದಿ ಕೇಳಿದ ಪ್ರವಾದಿ(ಸ) ಆ ಜೊತೆಗಾರರೇ ಅವರನ್ನು ಕೊಂದರೆಂದು ಕೋಪಗೊಂಡರು. ಗೊತ್ತಿಲ್ಲದಾಗ ಏಕೆ ಕೇಳಲಿಲ್ಲ ಎಂದು ನೊಂದರು. ಗಮನಿಸಿ, ಗಾಯಾಳು ಕೇಳಿದ್ದರು. ತಪ್ಪು ಇದ್ದದ್ದು ಗೊತ್ತಿಲ್ಲದೆ ಧೈರ್ಯವಾಗಿ ಉತ್ತರ ಕೊಟ್ಟವರಲ್ಲಿ. ಈ ಹದೀಸ್ ಓದಿದಾಗಲೆಲ್ಲ ನನಗೆ ಆಸ್ಪತ್ರೆಯ ಆ ಬೆಂಚು ನೆನಪಾಗುತ್ತದೆ.

ಇದರ ಪಕ್ಕದಲ್ಲೇ ಇನ್ನೊಂದು ಘಟನೆ ಇದೆ. ಝಾತುಸ್ಸಲಾಸಿಲ್ ದಂಡಯಾತ್ರೆಯ ಕೊರೆಯುವ ಚಳಿಯ ರಾತ್ರಿ ಹಝ್ರತ್ ಅಮ್ರ್ ಬಿನ್ ಆಸ್(ರ) ಸ್ನಾನದ ಬದಲು ತಯಮ್ಮುಮ್ ಮಾಡಿ ಸಂಗಡಿಗರಿಗೆ ಇಮಾಮತ್ ಮಾಡಿದರು. ದೂರು ಪ್ರವಾದಿ(ಸ)ರವರೆಗೆ ಹೋಯಿತು. ಜೀವಕ್ಕೆ ಅಪಾಯವಿತ್ತು ಎಂದು ಅಮ್ರ್(ರ) ಕಾರಣ ಹೇಳಿದಾಗ ಪ್ರವಾದಿ(ಸ) ನಕ್ಕರು, ಆಕ್ಷೇಪಿಸಲಿಲ್ಲ.

ಈ ಸಲ ನೀರಿನ ಲೆಕ್ಕ ಬೇರೆ. ಬಿಸಿಲಲ್ಲಿ ಗುಡ್ಡ ಹತ್ತುವವನಿಗೆ ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಬೇಕು. ಆದ್ದರಿಂದ ಹಗಲಿಗೆ ತಲಾ ಮೂರು ಲೀಟರ್ ಕುಡಿಯಲು ಮಾತ್ರ, ಅದಕ್ಕೆ ಬೇರಾರೂ ಕೈ ಹಾಕುವಂತಿಲ್ಲ. ವುಝೂಗೆ ಬೇರೆ ಕ್ಯಾನ್, ಅದು ಬುಡದಲ್ಲೇ ಇರುತ್ತದೆ. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ, ಅಂದರೆ ಒಂದು ಲೀಟರಿನ ಆಸುಪಾಸಿನಲ್ಲಿ, ವುಝೂ ಮುಗಿಸುತ್ತಿದ್ದರು. (ನಮ್ಮ ಮಸೀದಿಯ ಹೌಝ್ ಪಕ್ಕದ ನಲ್ಲಿಗಳನ್ನು ನೋಡಿದವರು ಇದನ್ನು ಇನ್ನೊಮ್ಮೆ ಓದಲಿ.) ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಬಾಟಲಿ ಪ್ರತಿ ಗುಂಪಿನಲ್ಲೂ ಒಂದಿರುತ್ತದೆ. ಮಾತು ತೊದಲಿದರೆ, ನಡಿಗೆ ತಪ್ಪಿದರೆ ನೆರಳಿಗೆ ಕೂರಿಸಿ ಮೈ ತಣಿಸಬೇಕು, 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಸುರಿಯಬಾರದು.

ಇನ್ನು ಕಸ್ರ್. ಇಲ್ಲಿ ಎಲ್ಲರೂ ತಪ್ಪುತ್ತಾರೆ. ಊರು ಬಿಟ್ಟು ಒಂದು ರಾತ್ರಿ ಹೊರಗೆ ಉಳಿದ ಮಾತ್ರಕ್ಕೆ ಮುಸಾಫಿರ್ ಆಗುವುದಿಲ್ಲ, ದೂರ ನೋಡಬೇಕು. ಹನಫಿ ಉಲಮಾಗಳಲ್ಲಿ ಕೆಲವರು 48 ಮೈಲಿ, ಅಂದರೆ ಸುಮಾರು 77 ಕಿಲೋಮೀಟರ್ ಎನ್ನುತ್ತಾರೆ, ಇನ್ನು ಕೆಲವರು 92 ಕಿಲೋಮೀಟರ್ ಎನ್ನುತ್ತಾರೆ. ಅಣ್ಣಿಗೇರಿಯಿಂದ ಗದಗ ಮಾರ್ಗವಾಗಿ ಕಪ್ಪತಗುಡ್ಡ ಐವತ್ತು ಕಿಲೋಮೀಟರಿನ ಆಸುಪಾಸು. ಅಣ್ಣಿಗೇರಿಯ ಹುಡುಗ ಯಾವ ಲೆಕ್ಕದಲ್ಲೂ ಮುಸಾಫಿರ್ ಅಲ್ಲ, ಪೂರ್ತಿ ನಮಾಝ್ ಮಾಡಬೇಕು. ಕಲಘಟಗಿಯಿಂದ ಹುಬ್ಬಳ್ಳಿ, ಗದಗ ದಾಟಿ ಬರುವವನಿಗೆ ನೂರು ಕಿಲೋಮೀಟರ್ ಮೀರುತ್ತದೆ. ಅವನು ಎರಡೂ ಲೆಕ್ಕದಲ್ಲಿ ಮುಸಾಫಿರ್. ತನ್ನ ಊರಿನ ಎಲ್ಲೆ ದಾಟಿದಲ್ಲಿಂದ ಝುಹರ್, ಅಸರ್, ಇಶಾ ಅವನಿಗೆ ಎರಡೆರಡು ರಕಅತ್. ಫಜ್ರ್, ಮಗ್ರಿಬ್, ವಿತ್ರ್‌ಗಳಲ್ಲಿ ಬದಲಾವಣೆ ಇಲ್ಲ.

ಒಂದೇ ಜಮಖಾನದ ಮೇಲೆ ಇಬ್ಬರೂ ಒಟ್ಟಿಗೆ ನಿಂತರೆ? ಅಣ್ಣಿಗೇರಿಯವನು ಇಮಾಮ್ ಆದರೆ ಕಲಘಟಗಿಯವನೂ ಅವನ ಹಿಂದೆ ನಾಲ್ಕು ರಕಅತ್ ಮಾಡುತ್ತಾನೆ. ಕಲಘಟಗಿಯವನು ಇಮಾಮ್ ಆದರೆ ಎರಡಕ್ಕೆ ಸಲಾಮ್ ಹೇಳುತ್ತಾನೆ, ಅಣ್ಣಿಗೇರಿಯವನು ಎದ್ದು ಉಳಿದೆರಡನ್ನು ಪೂರ್ತಿ ಮಾಡುತ್ತಾನೆ. ತಾನು ಮುಸಾಫಿರ್ ಎಂದು ಇಮಾಮ್ ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಹಿಂದೆ ಗೊಂದಲವಾಗುತ್ತದೆ. ಎರಡು ನಮಾಝ್‌ಗಳನ್ನು ಒಂದೇ ಹೊತ್ತಿಗೆ ಸೇರಿಸುವ ಪದ್ಧತಿ ಕರಾವಳಿಯ ಶಾಫಿಈ ಸಹೋದರರಲ್ಲಿ ಸಫರ್‌ಗೆ ಇದೆ. ಹನಫಿಗಳು ಝುಹರನ್ನು ಅದರ ಕೊನೆಯ ಹೊತ್ತಿಗೆ, ಅಸರನ್ನು ಅದರ ಮೊದಲ ಹೊತ್ತಿಗೆ ಮಾಡಬಹುದು. ಒಮ್ಮೆ ಕುಳಿತರೆ ಎರಡೂ ಮುಗಿಯುತ್ತವೆ.

ಕಿಬ್ಲಾ ವಿಷಯದಲ್ಲಿ ಹುಡುಗರು ‘ಸೂರ್ಯ ಮುಳುಗಿದ ಕಡೆ’ ಎನ್ನುತ್ತಾರೆ. ನಮ್ಮ ಜಿಲ್ಲೆಯಿಂದ ಕಅಬಾ ಇರುವುದು ನೇರ ಪಶ್ಚಿಮಕ್ಕಲ್ಲ, ಅಲ್ಲಿಂದ ಸುಮಾರು 15 ಡಿಗ್ರಿ ಉತ್ತರಕ್ಕೆ. ಡಿಸೆಂಬರಿನಲ್ಲಿ ಸೂರ್ಯ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಮುಳುಗುತ್ತಾನೆ. ಅವನನ್ನೇ ನಂಬಿದರೆ ಹತ್ತಿರ ಹತ್ತಿರ 40 ಡಿಗ್ರಿ ತಪ್ಪುತ್ತದೆ. 45 ಡಿಗ್ರಿ ಒಳಗಿದ್ದರೆ ನಮಾಝ್ ಆಗುತ್ತದೆ, ಆದರೂ ಅಂಚಿನಲ್ಲಿ ನಿಂತಂತೆ. ಫೋನಿನ ದಿಕ್ಸೂಚಿಗೆ ಸಿಗ್ನಲ್ ಬೇಕಿಲ್ಲ, ಗಾಡಿಯ ಕಬ್ಬಿಣದಿಂದ ದೂರ ನಿಂತು ನೋಡಬೇಕಷ್ಟೆ. ರಾತ್ರಿ ಧ್ರುವ ನಕ್ಷತ್ರವಿದೆ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ, ನಮ್ಮ ಕಡೆ ಅದು ಉತ್ತರದ ಅಂಚಿನಿಂದ ಒಂದೂವರೆ ಮುಷ್ಟಿ ಮೇಲಿರುತ್ತದೆ. ಅದನ್ನು ಬಲ ಭುಜಕ್ಕೆ ಇಟ್ಟು ನಿಂತು, ಬಲಕ್ಕೆ ಸ್ವಲ್ಪ ಹೊರಳಿದರೆ ಸಾಕು. ಇಷ್ಟೆಲ್ಲ ಪ್ರಯತ್ನಿಸಿಯೂ ತಪ್ಪಿದ್ದರೆ ಆ ನಮಾಝ್ ಆಯಿತು.

ರಾತ್ರಿಯ ವಿಷಯಕ್ಕೆ ಬರೋಣ. ಸಹಾಬಿಗಳು ಪ್ರಯಾಣದಲ್ಲಿ ಬಿಡಾರ ಹೂಡಿದಾಗ ಕಣಿವೆಗಳಲ್ಲಿ ಅಲ್ಲಲ್ಲಿ ಚದುರುತ್ತಿದ್ದರು. ಪ್ರವಾದಿ(ಸ) ಅದನ್ನು ಶೈತಾನನ ಕೆಲಸವೆಂದು ತಿಳಿಸಿದ ಮೇಲೆ, ಒಂದೇ ಬಟ್ಟೆ ಹೊದಿಸಬಹುದು ಎನ್ನುವಷ್ಟು ಹತ್ತಿರ ಹತ್ತಿರ ಇಳಿಯತೊಡಗಿದರು. ರಾತ್ರಿ ದಾರಿಯ ಮೇಲೆ ಮಲಗಬಾರದು, ಅದು ಪ್ರಾಣಿ, ಹುಳಹುಪ್ಪಡಿಗಳ ಹಾದಿ ಎಂಬ ಸೂಚನೆಯೂ ಮುಸ್ಲಿಮ್ ಶರೀಫ್‌ನಲ್ಲಿದೆ. ಕಪ್ಪತಗುಡ್ಡದ ಸೀಮೆಯಲ್ಲಿ ಚಿರತೆ, ತೋಳ, ಕತ್ತೆಕಿರುಬಗಳಿವೆ. ನಮ್ಮ ಹುಡುಗರು ಮೊಬೈಲ್ ಹಿಡಿದು ಒಬ್ಬೊಬ್ಬರೇ ಕತ್ತಲಿಗೆ ಹೋಗುವುದನ್ನು ನೋಡಿದ್ದೇನೆ. ಈ ಸಲ ಬಹಿರ್ದೆಸೆಗೂ ಇಬ್ಬರು ಸೇರಿಯೇ ಹೋಗಬೇಕು, ಕೈಯಲ್ಲಿ ಬ್ಯಾಟರಿ, ಕಾಲಲ್ಲಿ ಬೂಟು. ಬಿಲದಲ್ಲಿ, ದಾರಿಯಲ್ಲಿ, ನೆರಳಲ್ಲಿ, ನಿಂತ ನೀರಲ್ಲಿ ಬೇಡ ಎಂಬುದನ್ನು ಬಾಲ್ಯದಲ್ಲೇ ಕಲಿತಿದ್ದಾರೆ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕೈಕಾಲು ಅಲ್ಲಾಡದಂತೆ ಇಟ್ಟು ಆಸ್ಪತ್ರೆಗೆ ಒಯ್ಯಬೇಕು.

ಫಜ್ರ್‌ಗೆ ಎಬ್ಬಿಸುವ ಕೆಲಸ ಒಬ್ಬನದಾಗಿರಬೇಕು. ಖೈಬರ್‌ನಿಂದ ಮರಳುವಾಗ ಆ ಹೊಣೆ ಹಝ್ರತ್ ಬಿಲಾಲ್(ರ)ರದಾಗಿತ್ತು. ಅವರು ಒಂಟೆಗೆ ಒರಗಿ ಕುಳಿತವರು ನಿದ್ದೆಹೋದರು. ಬಿಸಿಲು ತಾಗಿದಾಗಲೇ ಎಲ್ಲರಿಗೂ ಎಚ್ಚರ. ಪ್ರವಾದಿ(ಸ) ಅವರನ್ನು ಗದರಲಿಲ್ಲ. ಆ ಜಾಗದಿಂದ ಸ್ವಲ್ಪ ಮುಂದೆ ಸಾಗಿ ಜಮಾಅತ್‌ನೊಂದಿಗೆ ನಮಾಝ್ ಮಾಡಿಸಿದರು. ದಣಿದ ಒಬ್ಬನ ಮೇಲೆ ಇಡೀ ರಾತ್ರಿ ಹೊರಿಸದೆ ನಾವು ಮೂರು ಪಾಳಿ ಮಾಡಿದ್ದೇವೆ.

ಬೆಂಕಿಯ ಬಗ್ಗೆ ಹುಡುಗರು ತಕರಾರು ಮಾಡಿದರು. ಬೆಂಕಿ ಇಲ್ಲದೆ ಎಂಥ ಕ್ಯಾಂಪು ಎಂದರು. ಕಪ್ಪತಗುಡ್ಡದ 244.15 ಚದರ ಕಿಲೋಮೀಟರ್ 2019ರಲ್ಲಿ ವನ್ಯಜೀವಿಧಾಮವಾಗಿದೆ. ಗಣಿಯ ಕಣ್ಣು ಬಿದ್ದಿದ್ದ ಗುಡ್ಡ ಅದು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯಂಥವರು, ರೈತರು ಸೇರಿ ಹೋರಾಡಿದ್ದರಿಂದ ಔಷಧಿ ಗಿಡಗಳ ಆ ಗುಡ್ಡ ಇನ್ನೂ ಉಳಿದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ, ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು ಅಪರಾಧ. ಬೇಸಿಗೆಯಲ್ಲಿ ಒಣಹುಲ್ಲಿಗೆ ಒಂದು ಕಿಡಿ ಸಾಕು. ಮಲಗುವ ಮೊದಲು ಬೆಂಕಿ ಆರಿಸಿ ಎಂಬ ಪ್ರವಾದಿ ಬೋಧನೆ ಮನೆಯ ಒಲೆಗೇ ಇದ್ದಾಗ ಗುಡ್ಡಕ್ಕೆ ಇಲ್ಲವೇ? ರೊಟ್ಟಿ, ಶೇಂಗಾ ಚಟ್ನಿ, ಬೇಯಿಸಿದ ಮೊಟ್ಟೆ ಮನೆಯಿಂದಲೇ ಬರುತ್ತವೆ.

ಅನುಮತಿ ತಗೊಂಡು ಯಾರು ಓಡಾಡುತ್ತಾರೆ ಎನ್ನುವವರಿಗೆ ಒಂದು ಮಾತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ದಾರಿಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ನುಗ್ಗಿದವರಿಂದಾಗಿ ನಿಯಮದಂತೆ ಹೋಗುವವರಿಗೂ ಬಾಗಿಲು ಮುಚ್ಚಿತು. ಇನ್ನೊಂದು, ಗುಡ್ಡದ ಮೇಲೆ ಕಪ್ಪತ ಮಲ್ಲೇಶ್ವರನ ಗುಡಿ ಇದೆ, ಭಕ್ತರು ಬರುತ್ತಾರೆ. ನಮ್ಮ ಜಮಾಅತ್ ಅವರ ದಾರಿಗೆ ಅಡ್ಡವಾಗದಂತೆ ದೂರದ ಬಯಲಲ್ಲಿ ನಿಲ್ಲಬೇಕು. ಒಯ್ದ ಪ್ಲಾಸ್ಟಿಕ್ ಎಲ್ಲ ಚೀಲದಲ್ಲಿ ವಾಪಸ್ ಬರಬೇಕು.

ಜವಾಬ್ದಾರಿ ಯಾರದು ಎಂಬ ಪ್ರಶ್ನೆ ಉಳಿಯಿತು. ಮೂವರು ಪ್ರಯಾಣ ಹೊರಟರೂ ಒಬ್ಬನನ್ನು ಅಮೀರ್ ಮಾಡಿಕೊಳ್ಳಬೇಕೆಂದು ಹದೀಸ್‌ನಲ್ಲಿದೆ. ಅಮೀರ್ ಎಂದರೆ ಮುಂದೆ ನಡೆಯುವವನು ಎಂದು ಹೋದ ಸಲ ತಿಳಿದಿದ್ದೆವು. ಮುಂದೆ ನಡೆದವನಿಗೆ ಹಿಂದೆ ಬಿದ್ದ ಹುಡುಗ ಕಾಣಲೇ ಇಲ್ಲ. ಈ ಸಲ ಅಮೀರ್ ಎಲ್ಲರಿಗಿಂತ ಹಿಂದೆ ನಡೆಯುತ್ತಾನೆ. ಗಂಟೆಗೊಮ್ಮೆ ತಲೆ ಎಣಿಸುತ್ತಾನೆ, ಬಾಟಲಿ ಅಲ್ಲಾಡಿಸಿ ನೋಡುತ್ತಾನೆ. ಅವನು ಹಿಂದಿರುಗೋಣ ಎಂದರೆ, ತುದಿ ನೂರು ಹೆಜ್ಜೆ ಇದ್ದರೂ ಹಿಂದಿರುಗಬೇಕು. ತಂದೆತಾಯಿಯ ಒಪ್ಪಿಗೆ ಬಾಯಿಮಾತಲ್ಲಿ ಸಾಲದು, ಬರೆದು ಕೊಡಬೇಕು. ದಮ್ಮು, ಮೂರ್ಛೆ, ಸಕ್ಕರೆ ಕಾಯಿಲೆ ಇದ್ದರೆ ಅದರಲ್ಲೇ ಬರೆಯಬೇಕು, ಮುಚ್ಚಿಡಬಾರದು.

ಹೋದ ಸಲ ಬಿದ್ದ ಹುಡುಗನೂ ಹೆಸರು ಕೊಟ್ಟಿದ್ದಾನೆ. ಅವನ ಅಮ್ಮ ಚೀಟಿ ತಂದುಕೊಟ್ಟು, “ನೀರು ಯಾರ ಹತ್ರ ಇರ್ತದ ಭಾಯಿಜಾನ್?” ಎಂದರು. ಅವನ ಹತ್ರನೇ ಎಂದೆ. ನೀರಿನ ಲೆಕ್ಕ ಬರೆಯುವ ಕೆಲಸವನ್ನು ಅವನಿಗೇ ಕೊಟ್ಟಿದ್ದೇವೆ. ಹೊರಡುವ ಹಿಂದಿನ ದಿನ ಇಶಾ ನಂತರ ಮಸೀದಿಯಲ್ಲಿ ಎಲ್ಲರಿಗೂ ತಯಮ್ಮುಮ್ ಮಾಡಿ ತೋರಿಸುವವನೂ ಅವನೇ.