ಬಸಿಯದ ಅನ್ನ

ಅಂಬಲಪಾಡಿ, ಕಿದಿಯೂರು, ಕಡೆಕಾರು ಕಡೆಯ ಹಳೆಯ ಮನೆಗಳಲ್ಲಿ ಅನ್ನ ಮಾಡುವುದೆಂದರೆ ಅರ್ಧ ಕೆಲಸ ಬೇಯಿಸುವುದು, ಇನ್ನರ್ಧ ಬಸಿಯುವುದು. ಕುಚ್ಚಲಕ್ಕಿಯನ್ನು ಮೂರು ನಾಲ್ಕು ಸಲ ಉಜ್ಜಿ ತೊಳೆದು, ಅಕ್ಕಚ್ಚನ್ನು ದನದ ಬಾನಿಗೆ ಸುರಿದು, ಅಕ್ಕಿ ಕುಣಿಯುವಷ್ಟು ಧಾರಾಳ ನೀರಿನಲ್ಲಿ ಕುದಿಸುತ್ತಾರೆ. ಕಾಳು ಬಿರಿದಾಗ ಪಾತ್ರೆಯ ಬಾಯಿಗೆ ಮುಚ್ಚಳ ಒತ್ತಿ ಹಿಡಿದು, ಬಗ್ಗಿಸಿ, ತಿಳಿಯನ್ನೆಲ್ಲ ಇಳಿಸುತ್ತಾರೆ. ಆ ತಿಳಿಗೆ ಚಿಟಿಕೆ ಉಪ್ಪು ಹಾಕಿ ಕುಡಿಯುವವರಿದ್ದರು, ಹತ್ತಿ ಸೀರೆಗೆ ಗಂಜಿ ಹಾಕಲು ಎತ್ತಿಡುವವರಿದ್ದರು. ಮಿಕ್ಕಿದ್ದು ಮತ್ತೆ ದನಕ್ಕೇ.

ಮಿಲಾನಿನ ಅಡುಗೆಯವರು ಯಾರಾದರೂ ಇದನ್ನು ನೋಡಿದರೆ ತಲೆ ಮೇಲೆ ಕೈ ಹೊತ್ತು ಕೂತಾರು. ನಾವು ತೊಳೆದು, ಬಸಿದು ಹೊರಗೆ ಕಳಿಸುವ ಆ ಬಿಳಿ ಪಿಷ್ಟವೇ ರಿಸೊಟ್ಟೋ ಎಂಬ ಅವರ ಅಕ್ಕಿಯಡುಗೆಯ ಜೀವ.

ಎರಡು ನಾಡುಗಳ ಅನ್ನಕ್ಕಿರುವ ಈ ವ್ಯತ್ಯಾಸಕ್ಕೆ ಬೇಕಾದ ಸಾಕ್ಷಿಯನ್ನು ಇಟಲಿಯವನೇ ಒಬ್ಬ ನಾನೂರು ವರ್ಷಗಳ ಹಿಂದೆ ನಮ್ಮ ಸೀಮೆಗೆ ಬಂದು ಬರೆದಿಟ್ಟು ಹೋಗಿದ್ದಾನೆ. ರೋಮ್ ನಗರದ ಪಿಯೆತ್ರೋ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದವನು. ಅಲ್ಲಿಂದ ಘಟ್ಟ ಇಳಿದು ನಮ್ಮ ಬಸರೂರಿಗೆ ಬಂದ, ಮಂಗಳೂರಿಗೆ ಹೋದ, ಉಳ್ಳಾಲದ ರಾಣಿಯನ್ನೂ ಕಂಡು ಮಾತಾಡಿಸಿದ. ಅವನ ಪತ್ರಗಳಲ್ಲಿ ಇಲ್ಲಿನ ಊಟದ ಮಾತೂ ಇದೆ. ಬೆಣ್ಣೆ, ತೆಂಗಿನಕಾಯಿ, ಏಲಕ್ಕಿ, ಶುಂಠಿ ಎಲ್ಲ ಸೇರಿಸಿ ಸಾರಿನಂಥದ್ದೊಂದನ್ನು ಮಾಡುತ್ತಾರೆ, ಬರೀ ನೀರು ಉಪ್ಪಿನಲ್ಲಿ ಬೇಯಿಸಿದ ಅನ್ನದ ಮೇಲೆ ಅದನ್ನು ಸುರಿದುಕೊಳ್ಳುತ್ತಾರೆ, ತಿನ್ನಲು ಬಲು ರುಚಿ ಎಂಬುದು ಅವನ ವರದಿಯ ಸಾರಾಂಶ. ತೆಂಗಿನಕಾಯಿಗೆ ಬದಲು ತಮ್ಮೂರಲ್ಲಿ ಬಾದಾಮಿ ಹಾಲು ಹಾಕಬಹುದು ಎಂಬ ಸಲಹೆಯೂ ಉಂಟು. ಅನ್ನಕ್ಕೆ ಉಪ್ಪು ಹಾಕಿದ ಆ ಮನೆ ಯಾವುದಿತ್ತೋ!

ಅವನು ಕಂಡದ್ದು ಸರಿಯಾಗಿದೆ. ನಮ್ಮಲ್ಲಿ ಅನ್ನ ಬೇರೆ, ಸಾರು ಬೇರೆ. ಎರಡೂ ಕೂಡುವುದು ಬಾಳೆಲೆಯ ಮೇಲೆ, ಉಣ್ಣುವವರ ಕೈಯಲ್ಲಿ. ಉತ್ತರ ಇಟಲಿಯಲ್ಲಿ ಎರಡೂ ಕೂಡುವುದು ಒಲೆಯ ಮೇಲೆ, ಅಡುಗೆಯವರ ಸೌಟಿನಲ್ಲಿ. ಬಡಿಸುವ ಹೊತ್ತಿಗೆ ಅನ್ನ ಯಾವುದು, ಸಾರು ಯಾವುದು ಎಂದು ಬಿಡಿಸಲು ಬರುವುದಿಲ್ಲ.

ಇದಕ್ಕೆ ತಕ್ಕ ಅಕ್ಕಿ ಬೇಕು. ಇಟಲಿಯ ಅರ್ಬೋರಿಯೋ, ಕಾರ್ನರೋಲಿ, ವಿಯಲೋನೆ ನಾನೋ ತಳಿಗಳು ಗಿಡ್ಡನೆಯ, ದಪ್ಪ ಹೊಟ್ಟೆಯ ಕಾಳುಗಳು. ಹೊರಮೈಯ ಪಿಷ್ಟ ಬಿಸಿ ಸಾರಿಗೆ ಬಿಟ್ಟುಕೊಂಡು ಅದನ್ನು ಮಂದ ಮಾಡುತ್ತದೆ, ನಡುವಿನ ಬಿಳಿ ಚುಕ್ಕೆ ಮಾತ್ರ ಹಲ್ಲಿಗೆ ಸಿಗುವಷ್ಟು ಗಟ್ಟಿ ಉಳಿಯುತ್ತದೆ. ಮೂರೂ ಹಳೆಯ ಕಾಲದವೇನಲ್ಲ. ವಿಯಲೋನೆ ನಾನೋ 1937ರದ್ದು, ಕಾರ್ನರೋಲಿ 1945ರದ್ದು, ಅರ್ಬೋರಿಯೋ 1946ರದ್ದು. ನಮ್ಮಲ್ಲಿ ಎಂಒ4, ಜಯಾ ಬಂದ ಹಾಗೆ ಅಲ್ಲಿಯೂ ತಳಿ ಸಂಶೋಧಕರ ಕೈಯಿಂದಲೇ ಬಂದವು.

ಹಾಗಾದರೆ ಕುಚ್ಚಲಕ್ಕಿಯಲ್ಲಿ ರಿಸೊಟ್ಟೋ ಆಗದೇ? ಉಡುಪಿಯಲ್ಲಿ ಈ ಅಡುಗೆಯ ಮಾತೆತ್ತಿದರೆ ಮೊದಲು ಎದುರಾಗುವ ಪ್ರಶ್ನೆ ಇದು. ಆಗುವುದಿಲ್ಲ. ಕುಚ್ಚಲಕ್ಕಿ ಮಿಲ್ಲಿಗೆ ಹೋಗುವ ಮೊದಲೇ ಭತ್ತದಲ್ಲಿದ್ದಾಗಲೇ ಒಮ್ಮೆ ಬೆಂದಿರುತ್ತದೆ. ಆಗ ಅದರ ಪಿಷ್ಟ ಉಬ್ಬಿ, ಒಣಗುವಾಗ ಮತ್ತೆ ಬಿಗಿದುಕೊಂಡು ಕಾಳು ಗಾಜಿನಂತೆ ಗಟ್ಟಿಯಾಗುತ್ತದೆ. ತೌಡಿನ ಬಿ ಜೀವಸತ್ವವೂ ಕಾಳಿನೊಳಗೆ ಇಳಿಯುತ್ತದೆ. ಕುಚ್ಚಲಕ್ಕಿ ಮೈಗೆ ಒಳ್ಳೆಯದು ಎನ್ನುವ ಹಿರಿಯರ ಮಾತಿಗೆ ಆಧಾರ ಇಲ್ಲಿದೆ. ಆದರೆ ಹೀಗೆ ಬಿಗಿದ ಕಾಳು ಹದಿನೆಂಟು ಇಪ್ಪತ್ತು ನಿಮಿಷದಲ್ಲಿ ಯಾರಿಗೂ ಬಗ್ಗುವುದಿಲ್ಲ. ಸೌಟು ತಿರುವಿ ತಿರುವಿ ಕೈ ಸೋತೀತೇ ಹೊರತು ಸಾರು ಮಂದವಾಗದು. ಮುಕ್ಕಾಲು ಗಂಟೆ ಕುದಿಸಿದರೆ ಬಿರಿದು ಗಂಜಿಯಾಗುತ್ತದೆ, ಅದು ಬೇರೆ ಊಟ.

ನಮ್ಮ ಅಂಗಡಿಗಳಲ್ಲಿ ಇದಕ್ಕೆ ಹತ್ತಿರದ್ದು ಬೆಳ್ತಿಗೆ. ಅದರಲ್ಲೂ ಉದುರು ಅನ್ನಕ್ಕೆಂದು ಆರಿಸುವ ಹಳೆಯ ಸೋನಾ ಮಸೂರಿ ಬೇಡ. ದೋಸೆಗೆ ಕೊಡುವ ದಪ್ಪ ಕಾಳಿನ ಬೆಳ್ತಿಗೆಯೇ ವಾಸಿ. ಗಂಧಸಾಲೆ ಸಿಕ್ಕಿದರೆ ಪರಿಮಳವೂ ಬಂತು. ಅರ್ಬೋರಿಯೋದಷ್ಟು ನುಣುಪು ಬರುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ತಿಂದವರು ತಟ್ಟೆ ಖಾಲಿ ಮಾಡುವಷ್ಟು ಖಂಡಿತ ಬರುತ್ತದೆ.

ಮಾಂತುವಾ ಊರಿನವರು ಸಿಹಿಗುಂಬಳಕ್ಕೆ ಹೆಸರಾದವರು, ಅದರ ರಿಸೊಟ್ಟೋ ಅಲ್ಲಿ ಮನೆಮನೆಯ ಅಡುಗೆ. ನಮ್ಮ ಕೆಂಬುಡೆಗೆ ಅದು ಹೇಳಿ ಮಾಡಿಸಿದ ಹಾಗಿದೆ. ಒಂದು ಪಾವು, ಅಂದರೆ ಸುಮಾರು 200 ಗ್ರಾಂ ಅಕ್ಕಿಗೆ ಹತ್ತಿರ ಹತ್ತಿರ ಒಂದು ಲೀಟರ್ ಸಾರು ಬೇಕು. ಕೆಂಬುಡೆಯ ಸಿಪ್ಪೆ, ತಿರುಳಿನ ನಾರು, ಒಂದು ಕ್ಯಾರೆಟ್, ಒಂದು ನೀರುಳ್ಳಿ, ನಾಲ್ಕು ಕಾಳುಮೆಣಸು ಹಾಕಿ ಅರ್ಧ ಗಂಟೆ ಕುದಿಸಿ ಸೋಸಿದರೆ ಅದೇ ಸಾರು. ಪಕ್ಕದ ಒಲೆಯಲ್ಲಿ ಅದು ಸದಾ ಕುದಿಯುತ್ತಿರಲಿ, ತಣ್ಣಗಿನದನ್ನು ಸುರಿದರೆ ಅಕ್ಕಿ ಬೇಯುವುದು ಅಲ್ಲಿಗೇ ನಿಂತುಬಿಡುತ್ತದೆ.

ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ಬೆಣ್ಣೆ, ತುಸು ಎಣ್ಣೆ. ಸಣ್ಣಗೆ ಹೆಚ್ಚಿದ ನೀರುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಬೇಕು, ಬಣ್ಣ ತಿರುಗಬಾರದು. ನಮಗೆ ಕಷ್ಟವಾಗುವುದು ಇಲ್ಲಿಯೇ. ನಮ್ಮದು ಒಗ್ಗರಣೆಯ ಕೈ, ನೀರುಳ್ಳಿ ಕೆಂಪಾಗುವ ತನಕ ಸಮಾಧಾನವಿಲ್ಲ. ಸಾಸಿವೆ ಡಬ್ಬಿಯನ್ನು ಕೈಗೆ ಸಿಗದ ಹಾಗೆ ಇಟ್ಟುಕೊಳ್ಳುವುದು ಲೇಸು. ಹೆಚ್ಚಿದ ಕೆಂಬುಡೆಯಲ್ಲಿ ಅರ್ಧವನ್ನು ಈಗಲೇ ಹಾಕಿದರೆ ಅದು ಕರಗಿ ಬಣ್ಣ ಕೊಡುತ್ತದೆ. ಆಮೇಲೆ ಅಕ್ಕಿ, ತೊಳೆಯದ ಅಕ್ಕಿ. ಕಲ್ಲು ಹೊಟ್ಟು ಆರಿಸಿ, ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ, ಸಾಕು. ಎರಡು ಮೂರು ನಿಮಿಷ ಹುರಿದಾಗ ಕಾಳಿನ ಅಂಚು ಪಾರದರ್ಶಕವಾಗುತ್ತದೆ, ಬಾಣಲೆಯಲ್ಲಿ ಕಾಳು ಕಾಳಿಗೆ ತಾಗಿ ಸದ್ದು ಬರುತ್ತದೆ. ಇಟಲಿಯವರು ಆಗ ಅರ್ಧ ಲೋಟ ಬಿಳಿ ವೈನ್ ಸುರಿದು ಆವಿಯಾಗಿಸುತ್ತಾರೆ. ಅದು ಬೇಡದ ಮನೆಯವರು ಕೊನೆಗೆ ನಾಲ್ಕು ಹನಿ ಲಿಂಬೆ ಹಿಂಡಿದರೆ ಹುಳಿಯ ಲೆಕ್ಕ ಸರಿಹೋಗುತ್ತದೆ. ಪುನರ್ಪುಳಿ ಮಾತ್ರ ಬೇಡ, ಬಣ್ಣ ಕೆಡುತ್ತದೆ.

ಇನ್ನು ಸೌಟಿನ ಕೆಲಸ. ಒಂದು ಸೌಟು ಸಾರು, ಅದು ಇಂಗುವ ತನಕ ತಿರುವುವುದು, ಮತ್ತೊಂದು ಸೌಟು. ತಿರುವಿದಷ್ಟೂ ಕಾಳಿನ ಮೈ ಉಜ್ಜಿ ಪಿಷ್ಟ ಬಿಡುತ್ತದೆ. ಅರ್ಬೋರಿಯೋಗೆ ಹದಿನೆಂಟು ನಿಮಿಷ ಹಿಡಿದರೆ ನಮ್ಮ ಬೆಳ್ತಿಗೆ ಇನ್ನೂ ಬೇಗ ಬೇಯುತ್ತದೆ, ಹನ್ನೆರಡನೆಯ ನಿಮಿಷದಿಂದಲೇ ಕಚ್ಚಿ ನೋಡುತ್ತಿರಬೇಕು. ನಡುವೆ ಉಳಿದ ಕೆಂಬುಡೆ ಚೂರುಗಳು ಬೀಳಲಿ. ಕಾಳು ಹದಕ್ಕೆ ಬಂತೆಂದಾಗ ಒಲೆಯಿಂದ ಇಳಿಸಿ, ಒಂದು ನಿಮಿಷ ಬಿಟ್ಟು, ತಣ್ಣಗಿನ ಬೆಣ್ಣೆಯ ತುಂಡು, ತುರಿದ ಚೀಸ್ ಹಾಕಿ ಜೋರಾಗಿ ಕಲಕಬೇಕು. ಬೆಣ್ಣೆ, ಪಿಷ್ಟ, ಸಾರು ಮೂರೂ ಬೆರೆತು ಹೊಳಪು ಬರುವುದು ಈ ಅರ್ಧ ನಿಮಿಷದಲ್ಲಿ. ತಟ್ಟೆಯನ್ನು ಓರೆ ಮಾಡಿದರೆ ನಿಧಾನಕ್ಕೆ ಅಲೆಯಾಗಿ ಜಾರಬೇಕು. ಮುದ್ದೆಯಾಗಿ ನಿಂತರೆ ಇನ್ನೊಂದು ಸೌಟು ಸಾರು ಬೇಕಿತ್ತು ಎಂದರ್ಥ. ಇಷ್ಟೆಲ್ಲ ಇದ್ದ ಮೇಲೆ ಕ್ರೀಮ್ ಯಾಕೆ? ಕ್ರೀಮ್ ಸುರಿದು ಮಂದ ಮಾಡಿದ್ದನ್ನು ರಿಸೊಟ್ಟೋ ಎಂದು ಬಡಿಸುವ ಹೋಟೆಲುಗಳಿವೆ. ತಿನ್ನಬಹುದು, ನಂಬಬಾರದು.

ಚೀಸ್ ವಿಷಯದಲ್ಲಿ ಉಡುಪಿಯವರು ಒಂದು ಸಂಗತಿ ತಿಳಿದಿರಬೇಕು. ಇಟಲಿಯ ಅಸಲಿ ಪಾರ್ಮಿಜಾನೋ ರೆಜ್ಜಾನೋ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ಟಿನಿಂದ. ಅಲ್ಲಿನ ಕಾನೂನಿನಂತೆ ಬೇರೆಯದನ್ನು ಬಳಸಿದರೆ ಆ ಹೆಸರೇ ಸಿಗುವುದಿಲ್ಲ. ಮೆನುವಿನಲ್ಲಿ ತರಕಾರಿ ರಿಸೊಟ್ಟೋ ಎಂದಿದ್ದ ಮಾತ್ರಕ್ಕೆ ಅದು ಸಸ್ಯಾಹಾರವಾಗಿಬಿಡುವುದಿಲ್ಲ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುವ, ಸೂಕ್ಷ್ಮಜೀವಿಯ ಕಿಣ್ವದಿಂದ ಮಾಡಿದ ಗಟ್ಟಿ ಚೀಸ್ ನಮ್ಮಲ್ಲೂ ಸಿಗುತ್ತದೆ.

ಅಕ್ಕಿ ಇಟಲಿಗೆ ಹೊರಗಿನಿಂದ ಬಂದ ಬೆಳೆ. 1475ರಲ್ಲಿ ಮಿಲಾನಿನ ದೊರೆ ಗಲಿಯಾಜ್ಜೋ ಮರಿಯಾ ಸ್ಫೋರ್ಜಾ ಫೆರಾರದ ದೊರೆಗೆ 12 ಮೂಟೆ ಅಕ್ಕಿ ಕಳಿಸಿದ್ದಕ್ಕೆ ಪತ್ರದ ದಾಖಲೆಯಿದೆ. 1863ರಿಂದ 1866ರ ನಡುವೆ ತೋಡಿದ, 80 ಕಿಲೋಮೀಟರಿಗೂ ಉದ್ದದ ಕಾವೂರ್ ಕಾಲುವೆ ಪೋ ನದಿಯ ನೀರನ್ನು ವೆರ್ಚೆಲ್ಲಿ, ನೊವಾರಾ ಸೀಮೆಯ ಗದ್ದೆಗಳಿಗೆ ತಂದಿತು. ಇಂದು ಯುರೋಪಿಯನ್ ಒಕ್ಕೂಟದ ಅಕ್ಕಿಯಲ್ಲಿ ಸುಮಾರು ಅರ್ಧ ಪಾಲು ಇಟಲಿಯದು. ಆ ಗದ್ದೆಗಳಲ್ಲಿ ಕಳೆ ಕಿತ್ತವರು ಹೆಂಗಸರು, ಮೊಂಡೀನೆಗಳು. ಮೇ ಕೊನೆಯಿಂದ ಜುಲೈವರೆಗೆ ಮೊಣಕಾಲುದ್ದ ನೀರಿನಲ್ಲಿ ಬೆನ್ನು ಬಾಗಿಸಿ ನಿಂತು, ಸೊಳ್ಳೆ ಕಡಿತದ ನಡುವೆ ಹಾಡು ಕಟ್ಟಿ ಹಾಡುತ್ತಾ ದುಡಿದರು. ದಿನಕ್ಕೆ ಎಂಟೇ ಗಂಟೆ ಕೆಲಸ ಎಂಬ ಹಕ್ಕನ್ನು 1906ರಲ್ಲಿ ವೆರ್ಚೆಲ್ಲಿಯಲ್ಲಿ ಹೋರಾಡಿ ಪಡೆದರು. 1949ರ ‘ರೀಸೊ ಅಮಾರೊ’ ಸಿನಿಮಾ ಅವರ ಕಥೆಯೇ. ತುಳುನಾಡಿನ ಗದ್ದೆಗಳಲ್ಲಿ ನೇಜಿ ನೆಡುತ್ತಾ ‘ಓಬೇಲೆ’ ಹಾಡಿದವರೂ ಹೆಂಗಸರೇ. ಈಗ ಎರಡೂ ಕಡೆ ಆ ಹಾಡು ವೇದಿಕೆಯ ಮೇಲೆ ಕೇಳುವುದೇ ಹೆಚ್ಚು. ಅಲ್ಲಿ ಕಳೆನಾಶಕವೂ ಯಂತ್ರವೂ ಬಂದವು. ಇಲ್ಲಿ ಯಂತ್ರ ಬರುವ ಮೊದಲೇ ಅನೇಕ ಗದ್ದೆಗಳು ಹಡಿಲು ಬಿದ್ದವು. 2021ರಲ್ಲಿ ಕೇದಾರೋತ್ಥಾನ ಟ್ರಸ್ಟ್ ಉಡುಪಿಯ ಸುತ್ತಲ ಹಡಿಲು ಗದ್ದೆಗಳಲ್ಲಿ ಬೇಸಾಯ ಮಾಡಿಸಿದ್ದು ಆ ನೋವಿಗೆ ಸಿಕ್ಕ ಒಂದು ಉತ್ತರ.

ಅಕ್ಕಿಯನ್ನು ಹಳತು ಮಾಡುವುದರಲ್ಲೂ ಎರಡು ಕಡೆಯವರಿಗೆ ನಂಬಿಕೆಯಿದೆ. ಪೀಡ್ಮಾಂಟಿನಲ್ಲಿ ಕೆಲವರು ಕಾರ್ನರೋಲಿ ಭತ್ತವನ್ನು ವರ್ಷಗಟ್ಟಲೆ ಇಟ್ಟು ಆಮೇಲೆ ಅಕ್ಕಿ ಮಾಡಿಸುತ್ತಾರೆ, ಹಾಗಿಟ್ಟ ಕಾಳು ಸಾರನ್ನು ಹೆಚ್ಚು ಹೀರಿಯೂ ಒಡೆಯುವುದಿಲ್ಲ. ನಮ್ಮವರು ಬೈಹುಲ್ಲಿನ ಮುಡಿ ಕಟ್ಟಿ ಅಕ್ಕಿ ಕಾಪಿಟ್ಟರು. ಈಗ ಮುಡಿ ಕಣ್ಣಿಗೆ ಬೀಳುವುದು ಪರ್ಯಾಯಕ್ಕೆ ಮೊದಲಿನ ಅಕ್ಕಿ ಮುಹೂರ್ತದಂಥ ಹೊತ್ತಿನಲ್ಲಿ ಮಾತ್ರ.

ಅನ್ನ, ಸಾರು ಬೇರೆ ಬೇರೆ ಎಂಬ ನಮ್ಮ ನಿಯಮಕ್ಕೆ ನಮ್ಮಲ್ಲೇ ಅಪವಾದಗಳಿವೆ. ಆಟಿ ಅಮಾವಾಸ್ಯೆಯಂದು ಪಾಲೆ ಕೆತ್ತೆಯ ಕಷಾಯ ಕುಡಿದ ಮೇಲೆ ಉಣ್ಣುವ ಮೆಂತೆ ಗಂಜಿಯಲ್ಲಿ ಅಕ್ಕಿಯೂ ತೆಂಗಿನ ಹಾಲೂ ಒಂದಾಗಿಯೇ ಇರುತ್ತವೆ. ಮರುವಾಯಿ ಪುಂಡಿಯಲ್ಲಿ ಅಕ್ಕಿಯ ಉಂಡೆ ಚಿಪ್ಪುಮೀನಿನ ಗಸಿಯಲ್ಲೇ ಕುದಿದು ಅದನ್ನು ದಪ್ಪ ಮಾಡುತ್ತದೆ. ದಕ್ಷಿಣ ಇಟಲಿಯ ಬಾರಿ ಪಟ್ಟಣದವರು ಅಕ್ಕಿ, ಬಟಾಟೆ, ಪಚ್ಚಿಲೆಯನ್ನು ಪದರ ಪದರವಾಗಿ ಜೋಡಿಸಿ ಬೇಯಿಸುವ ತಿಯೆಲ್ಲಾವನ್ನು ಮಲ್ಪೆಯವರ ಮುಂದಿಟ್ಟರೆ ಯಾರೂ ಬೆಚ್ಚಿಬೀಳರು. ಬೆಚ್ಚಿಬೀಳುವುದು ವೆನಿಸ್ಸಿನ ಕಪ್ಪು ರಿಸೊಟ್ಟೋ ಕಂಡಾಗ. ಬೊಂಡಾಸ್ ಶುಚಿ ಮಾಡುವಾಗ ನಾವು ಮೊದಲು ಕಿತ್ತು ಎಸೆಯುವ ಮಸಿಚೀಲವನ್ನು ಅವರು ಜೋಪಾನವಾಗಿ ಬಿಡಿಸಿಕೊಂಡು, ಆ ಮಸಿಯಲ್ಲೇ ಅಕ್ಕಿ ಬೇಯಿಸುತ್ತಾರೆ. ಮೀನಿನ ರಿಸೊಟ್ಟೋಗಳಿಗೆ ಸಾಮಾನ್ಯವಾಗಿ ಚೀಸ್ ಹಾಕುವುದಿಲ್ಲ, ಇದು ಅಲ್ಲಿಯವರ ಶಿಸ್ತು. ಮೊದಲ ಮಳೆಗೆ ಕಾರ್ಕಳದ ಕಡೆಯಿಂದ ಬರುವ ಕಲ್ಲಣಬೆಯಲ್ಲೂ ರಿಸೊಟ್ಟೋ ಆದೀತು. ಆದರೆ ಅದಕ್ಕೆ ಕೊಡುವ ಬೆಲೆಗೆ ನಮ್ಮ ಗಸಿಯೇ ನ್ಯಾಯ ಎಂಬುದು ನನ್ನ ಪಕ್ಷಪಾತ.

ಅಂಬಲಪಾಡಿಯಿಂದ ಮಣಿಪಾಲದ ಗುಡ್ಡ ಹತ್ತಿದರೆ ಈ ಅಡುಗೆಯ ವೃತ್ತಿಪರ ಮುಖ ಸಿಗುತ್ತದೆ. 1986ರಲ್ಲಿ ಶುರುವಾದ ಅಲ್ಲಿನ ಹೋಟೆಲ್ ಆಡಳಿತ ಶಾಲೆ ವಾಗ್ಶಾ ಬಾಣಸಿಗ ವಿಕಾಸ್ ಖನ್ನಾ ಓದಿದ ಜಾಗ. ಅವರು ಕೂಡಿಹಾಕಿದ ದೇಶದ ಹಳೆಯ ಪಾತ್ರೆ ಪರಡಿಗಳ ಸಂಗ್ರಹಾಲಯವೂ ಅಲ್ಲೇ ಇದೆ. ಹಾಗಿದ್ದೂ ಊರಿನ ಕೆಫೆಗಳಲ್ಲಿ ಪಾಸ್ತಾ, ಪಿಜ್ಜಾ ಸಿಕ್ಕಷ್ಟು ಸುಲಭವಾಗಿ ರಿಸೊಟ್ಟೋ ಸಿಗದು. ಪಾಸ್ತಾ ಬೇಯಿಸಿಟ್ಟು ಕಾಯಬಹುದು. ರಿಸೊಟ್ಟೋ ಇಳಿಸಿದ ಹತ್ತು ನಿಮಿಷಕ್ಕೆ ಬಿಗಿದು ಪೊಂಗಲ್ ಆಗುತ್ತದೆ. ಅದಕ್ಕೆಂದೇ ದೊಡ್ಡ ಹೋಟೆಲುಗಳಲ್ಲಿ ಅಕ್ಕಿಯನ್ನು ಮುಕ್ಕಾಲು ಬೇಯಿಸಿ, ತಟ್ಟೆಯಲ್ಲಿ ಹರಡಿ ತಣಿಸಿಟ್ಟು, ಗಿರಾಕಿ ಹೇಳಿದ ಮೇಲೆ ಮುಗಿಸುತ್ತಾರೆ. ಮನೆಯಲ್ಲಿ ಆ ಉಪಾಯ ಬೇಕಿಲ್ಲ. ಉಂಡು ಮಿಕ್ಕರೆ ಮರುದಿನ ಉಂಡೆ ಕಟ್ಟಿ, ನಡುವೆ ಚೀಸ್ ಅಡಗಿಸಿ, ರೊಟ್ಟಿಪುಡಿಯಲ್ಲಿ ಹೊರಳಿಸಿ ಕರಿಯಿರಿ. ಸಿಸಿಲಿಯವರ ಅರಂಚೀನಿ ಹೀಗೆಯೇ, ಸಂಜೆಯ ಕಾಫಿಗೆ ಗೋಳಿಬಜೆಯ ಪಕ್ಕ ನಿಲ್ಲಬಲ್ಲದು.

ಮಾಡಿ ನೋಡುವವರಿಗೆ ಹೇಳುವುದಿಷ್ಟು. ಕುಚ್ಚಲಕ್ಕಿಯನ್ನು ಗಂಜಿಗೆ ಬಿಡಿ, ಬೆಳ್ತಿಗೆ ತೆಗೆದುಕೊಳ್ಳಿ. ತೊಳೆಯಬೇಡಿ, ಬಸಿಯಬೇಡಿ. ಉಣ್ಣುವವರನ್ನು ಮೊದಲು ಕೂರಿಸಿ, ಆಮೇಲೆ ಬೆಣ್ಣೆ ಹಾಕಿ.