ಮೊದಲ ಭಾಷೆಯನ್ನು ಆರಿಸಿದ್ದು ಯಾರು?

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಒಂದು ತಲೆಮಾರಿಗೆ ಪ್ರೋಗ್ರಾಮಿಂಗ್ ಎಂದರೆ ನೀಲಿ ಪರದೆ. ಟರ್ಬೊ ಸಿ++ ತೆರೆದು ‘ವಾಯ್ಡ್ ಮೇನ್’ ಎಂದು ಶುರು ಮಾಡಿ, ಕಂಟ್ರೋಲ್ ಎಫ್9 ಒತ್ತಿ, ಔಟ್‌ಪುಟ್ ಬಂದರೆ ರೆಕಾರ್ಡ್ ಬುಕ್ಕಿಗೆ ಸಹಿ. ಬೋರ್ಲೆಂಡ್ ಕಂಪನಿ ಈ ಟರ್ಬೊ ಸಿ++ ಅನ್ನು ಹೊರತಂದದ್ದು 1990ರಲ್ಲಿ, ಡಾಸ್ ಕಾಲದ ಯಂತ್ರಗಳಿಗೆ. ಸಿ++ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಲ್ಯಾಬ್‌ಗಳು ಅದನ್ನು ಕಾಯಲೂ ಇಲ್ಲ, ಬಂದ ಮೇಲೆ ಗಮನಿಸಲೂ ಇಲ್ಲ. 64 ಬಿಟ್ ವಿಂಡೋಸ್ ಈ ಹಳೆಯ ತಂತ್ರಾಂಶವನ್ನು ನಡೆಸಲಾಗದೆ ಕೈಚೆಲ್ಲಿದಾಗ ಎಷ್ಟೋ ಕಡೆ ಪಾಠ ಬದಲಾಗಲಿಲ್ಲ; ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್ ಹಾಕಿ ಅದನ್ನೇ ಓಡಿಸಿದರು.

ವಿಚಿತ್ರವೆಂದರೆ, ಆ ನೀಲಿ ಪರದೆಯಲ್ಲಿ ಕಲಿಸಿದ ಸಿ ಭಾಷೆ ಹುಟ್ಟಿದ್ದು ಹೊಸಬರಿಗಾಗಿ ಅಲ್ಲವೇ ಅಲ್ಲ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಅದನ್ನು ರೂಪಿಸಿದ್ದು ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆ ಬರೆಯಲಿಕ್ಕೆ, ತಮ್ಮಂಥ ಪಳಗಿದವರ ಕೈಗೆ.

ಕಲಿಯುವವರಿಗಾಗಿಯೇ ಹುಟ್ಟಿದ ಭಾಷೆಗಳ ಕಥೆ ಬೇರೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತದ ಮೇಷ್ಟ್ರುಗಳಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್‌ಗೆ ಕಲಾ ವಿಭಾಗದ ಹುಡುಗರೂ ಕಂಪ್ಯೂಟರ್ ಮುಂದೆ ಕೂರಬೇಕಿತ್ತು. ಆಗ ಕಾರ್ಡುಗಳಲ್ಲಿ ತೂತು ಕೊರೆದು ಕೊಟ್ಟು, ಉತ್ತರಕ್ಕೆ ಗಂಟೆಗಟ್ಟಲೆ ಕಾಯಬೇಕು; ಒಂದು ಅಲ್ಪವಿರಾಮ ತಪ್ಪಿದರೆ ಮತ್ತೆ ಮೊದಲಿಂದ. ಹಲವರು ಏಕಕಾಲಕ್ಕೆ ಒಂದೇ ಯಂತ್ರ ಬಳಸುವ ಏರ್ಪಾಟಿನ ಜೊತೆಗೇ ಅವರು ಬೇಸಿಕ್ ಕಟ್ಟಿದರು. 1964ರ ಮೇ 1ರ ನಸುಕಿನ ನಾಲ್ಕಕ್ಕೆ ಅದು ಮೊದಲು ಓಡಿತು. ಇಪ್ಪತ್ತು ವರ್ಷದ ನಂತರ, 1984ರಲ್ಲಿ, ಭಾರತದ ಶಾಲೆಗಳಿಗೆ ಕಂಪ್ಯೂಟರ್ ಸಾಕ್ಷರತೆಯ ‘ಕ್ಲಾಸ್’ ಯೋಜನೆಯಡಿ ಬಂದದ್ದು ಬಿಬಿಸಿ ಮೈಕ್ರೊ ಯಂತ್ರ. ಸ್ವಿಚ್ ಹಾಕಿದೊಡನೆ ಎದುರಿಗಿದ್ದದ್ದು ಬೇಸಿಕ್. ಆರಿಸಿದ್ದು ಮೇಷ್ಟ್ರಲ್ಲ, ಯಂತ್ರ.

ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್ಸ್ಟ್ರಾಗೆ ಬೇಸಿಕ್ ಸರಿಬರಲಿಲ್ಲ. ಮೊದಲೇ ಬೇಸಿಕ್ ಕಲಿತವರಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಹೆಚ್ಚೂಕಡಿಮೆ ಅಸಾಧ್ಯ ಎಂದು 1975ರಲ್ಲೇ ಗುಡುಗಿದರು. ಅತಿಯಾಯಿತು ಅನ್ನಿಸುತ್ತದೆ, ಬೇಸಿಕ್‌ನಿಂದ ಶುರು ಮಾಡಿ ದೊಡ್ಡ ಕಂಪನಿ ಕಟ್ಟಿದವರೂ ಇದ್ದಾರೆ. ಶಿಸ್ತು ಬೇಕೆಂದವರಿಗೆ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1970ರಲ್ಲಿ ಪಾಸ್ಕಲ್ ಕೊಟ್ಟಿದ್ದರು. ಅದು ದಶಕಗಳ ಕಾಲ ತರಗತಿ ಆಳಿತು. ಆಮೇಲೆ ಕೆಲಸ ಕೊಡುವವರು ಸಿ, ಸಿ++, ಜಾವಾ ಕೇಳತೊಡಗಿದರು, ಪಾಸ್ಕಲ್ ಹೊರಬಿತ್ತು.

ಅಮೆರಿಕದ ಎಂಐಟಿ ಮಾತ್ರ ಸ್ಕೀಮ್ ಎಂಬ ಪುಟ್ಟ ಭಾಷೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಅಂಟಿಕೊಂಡಿತ್ತು. ಅದನ್ನೂ ಬಿಟ್ಟು ಪೈಥಾನ್ ಹಿಡಿದಾಗ, ಸ್ಕೀಮ್ ಪಾಠ ಕಟ್ಟಿದವರಲ್ಲೊಬ್ಬರಾದ ಜೆರಾಲ್ಡ್ ಸಸ್‌ಮನ್ ಕೊಟ್ಟ ಕಾರಣ ನೇರವಾಗಿತ್ತು: ಹಿಂದೆ ಎಂಜಿನಿಯರ್‌ಗಳು ಪೂರ್ತಿ ಅರ್ಥವಾದ ಬಿಡಿಭಾಗಗಳಿಂದ ಕಟ್ಟುತ್ತಿದ್ದರು, ಈಗ ಯಾರೋ ಬರೆದ ಲೈಬ್ರರಿಗಳನ್ನು ತಿವಿದು ನೋಡಿ, ಏನು ಮಾಡುತ್ತವೆಂದು ತಿಳಿದುಕೊಂಡು ಬಳಸುತ್ತಾರೆ.

ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) 2022ರ ಪಠ್ಯಕ್ರಮದಲ್ಲಿ ಪೈಥಾನ್ ಅನ್ನು ಮೊದಲ ವರ್ಷಕ್ಕೇ ತಂದಿತು. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಆ ಪಠ್ಯಕ್ರಮದ ಮೊದಲ ವರ್ಷದಲ್ಲೇ ಸಿ ಕೂಡ ಇತ್ತು, ಪಾಯಿಂಟರ್ ಸಮೇತ.